ಕೂದಲೆಳೆಯಷ್ಟು ಕೆಳಗೆ

ಮಾವನ ಗಿಟಾರಿಗೆ ನಮ್ಮನೇಲಿ ಎಮ್ಮೆ ಅಂತ ಹೆಸರು. ಹೆಗಲಿಗೆ ಹಾಕ್ಕೊಂಡು ಸ್ಟೈಲಾಗಿ ನಿಂತು ನುಡಿಸೋ ಗಿಟಾರ್ ಅಲ್ಲ ಅದು, ಪೆಡಲ್ ಸ್ಟೀಲ್. ನಾಲ್ಕು ಕಾಲಿನ ಮೇಲೆ ಮೇಜಿನ ಥರ ನಿಂತಿರುತ್ತೆ, ನಾವು ಅದರ ಮುಂದೆ ಸ್ಟೂಲ್ ಹಾಕ್ಕೊಂಡು ಕೂರಬೇಕು. ಮೇಲೆ ಹತ್ತು ತಂತಿ. ಎಡಗೈಲಿ ಉಕ್ಕಿನ ಗುಂಡು ಹಿಡ್ಕೊಂಡು ತಂತಿ ಮೇಲೆ ಜಾರಿಸ್ತಾ ಹೋಗೋದು, ಬಲಗೈ ಬೆರಳಿಗೆ ಉಗುರಿನ ಥರದ ತಗಡು ಸಿಕ್ಕಿಸ್ಕೊಂಡು ಮೀಟೋದು, ಎಡಗಾಲಲ್ಲಿ ಪೆಡಲ್ ಒತ್ತೋದು, ಬಲಗಾಲಲ್ಲಿ ಸೌಂಡ್ ಹೆಚ್ಚು ಕಮ್ಮಿ ಮಾಡೋದು. ಇಷ್ಟೂ ಸಾಲದು ಅಂತ ಎರಡು ಮೊಣಕಾಲಿಂದ ಅಕ್ಕಪಕ್ಕ ತಳ್ಳೋಕೆ ಕಬ್ಬಿಣದ ಲಿವರ್‌ಗಳು ಬೇರೆ. ಮೈಯಲ್ಲಿ ಬಿಡುವಾಗಿ ಉಳಿಯೋದು ಬಾಯಿ ಒಂದೇ, ನೀನು ಅದಕ್ಕೂ ಬಿಡುವು ಕೊಡಲ್ಲ ಅಂತ ಮಾವ ನನಗೆ ಹೇಳ್ತಿದ್ದರು. ನನಗೆ ಅವರಿಟ್ಟ ಹೆಸರು ರೇಡಿಯೋ.

ಎಮ್ಮೆ ತೂಕ ಕೇಳಬೇಡಿ. ಪೆಟ್ಟಿಗೆ ಸಮೇತ ಎತ್ತಿದ್ರೆ ಸೊಂಟ ನಿಮ್ಮದಲ್ಲ. ಆದ್ರೆ ಆ ಮೊಣಕಾಲಿನ ಲಿವರ್ ಇದ್ಯಲ್ಲ, ಅದನ್ನ ತಳ್ಳಿದಾಗ ಎಮ್ಮೆ ಹೊಟ್ಟೆ ಕೆಳಗೆ ಒಂದು ಸಲಾಕೆ ಎಳೆಯುತ್ತೆ, ಹತ್ತರಲ್ಲಿ ಒಂದೇ ಒಂದು ತಂತಿ ಬಿಗಿಯಾಗುತ್ತೆ, ಅದರ ಸ್ವರ ಮಾತ್ರ ಮೆಲ್ಲಗೆ ಮೇಲಕ್ಕೆ ಹತ್ತುತ್ತೆ. ಮಿಕ್ಕ ಒಂಬತ್ತೂ ಇದ್ದಲ್ಲೇ ಇರ್ತವೆ. ಯಾರೋ ತುಂಬ ಹೊತ್ತು ತಡ್ಕೊಂಡು ಆಮೇಲೆ ಅತ್ತ ಹಾಗೆ ಕೇಳ್ಸುತ್ತೆ. ಹತ್ತು ವರ್ಷದವಳಿದ್ದಾಗ ಮೊದಲ ಸಲ ಕೇಳಿದ್ದು ನಾನು. ಅವತ್ತಿಂದ ಬೇರೆ ಯಾವುದೂ ಕಿವಿಗೆ ಹತ್ತಿಲ್ಲ.

ಮಾವ ಅಂದ್ರೆ ನಮ್ಮಮ್ಮನ ತಮ್ಮ. ರೈಲ್ವೆ ಕಾರ್ಖಾನೇಲಿ ಫಿಟ್ಟರ್. ಹಗಲು ಗಾಲಿ, ಸಂಜೆ ಗಿಟಾರು. ಕಾರ್ಖಾನೆ ಕ್ಲಬ್ಬಲ್ಲಿ ಪ್ರತಿ ಶನಿವಾರ ಅವರ ಬ್ಯಾಂಡು. ಡ್ರಮ್ ಬಾರಿಸ್ತಿದ್ದವರಿಗೆ ಗಡಿಬಿಡಿ ಅಂತಲೇ ಹೆಸರು, ಯಾವ ಹಾಡನ್ನಾದರೂ ರೈಲು ಹಿಡಿಯೋ ಅವಸರದಲ್ಲಿ ಶುರು ಮಾಡ್ತಿದ್ದರು. ಹಾಡೋರು ನಮ್ಮತ್ತೆ. ಮಾವ ಅತ್ತೆ ಸಿಕ್ಕಿದ್ದೂ ಅಲ್ಲೇ, ಮದುವೆ ಆದದ್ದೂ ಅದರಿಂದಲೇ. ಮೂವತ್ತೊಂದು ವರ್ಷ ಆ ಹಾಲಲ್ಲಿ ಅತ್ತೆ ಹಾಡಿದ್ದಾರೆ.

ಅತ್ತೆ ತಮ್ಮ ಬಗ್ಗೆ ಹೇಳ್ಕೊಳ್ಳೋದು ಒಂದೇ. ನನಗೆ ಅಡುಗೆ ಬರಲ್ಲ, ಸೈಕಲ್ ಬರಲ್ಲ, ನಾಲ್ಕು ಜನರ ಮಧ್ಯ ಮಾತಾಡೋಕೆ ಬರಲ್ಲ, ನೋಡೋಕೂ ಅಷ್ಟಕ್ಕಷ್ಟೇ, ಆದ್ರೆ ಒಂದು ದಿನಾನೂ ಶ್ರುತಿ ತಪ್ಪಿಲ್ಲ ಕಣೇ, ಬೇಕಾದ್ರೆ ನಿಮ್ಮ ಮಾವನ್ನ ಕೇಳು. ಮಾವನ್ನ ಕೇಳಿದ್ರೆ ಅವರು ತಂತಿ ಒರೆಸ್ತಾ, ಹೌದು ಕಣೇ, ಎಮ್ಮೆ ತಪ್ಪಬಹುದು, ಇವಳು ತಪ್ಪಲ್ಲ ಅನ್ನೋರು.

ಎಂಟು ತಿಂಗಳ ಹಿಂದೆ ಮಾವನಿಗೆ ಲಕ್ವ ಹೊಡೀತು. ಬಲಗೈ ಬಲಗಾಲು ಬಿದ್ದೋಯ್ತು, ಮಾತೂ ಹೋಯ್ತು. ಕಿವಿ, ಕಣ್ಣು, ಬುದ್ಧಿ ಎಲ್ಲ ನೆಟ್ಟಗಿದೆ, ಎಡಗಡೆ ಮೈ ಆಡುತ್ತೆ, ಬಾಯಿಂದ ಮಾತ್ರ ಒಂದಕ್ಷರ ಇಲ್ಲ. ನಾನು ಬೆಳಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಅವರ ಮನೆಗೆ ಹೋಗಿ ಹಾಸಿಗೆಯಿಂದ ಎತ್ತಿ ಗಾಲಿಕುರ್ಚೀಲಿ ಕೂರಿಸ್ತೀನಿ, ಅತ್ತೆ ಒಬ್ಬರ ಕೈಲಿ ಆಗಲ್ಲ. ಆಮೇಲೆ ಕಿಟಕಿ ಹತ್ರ ಕೂತು ಅತ್ತೆ ಅವರಿಗೆ ಶೇವ್ ಮಾಡ್ತಾರೆ, ಮಾಡ್ತಾ ಹಾಡ್ತಾರೆ. ಜೋರಾಗಲ್ಲ, ಗುನುಗೋದು. ದಿನಾ ಒಂದೇ ಹಾಡು, ಕ್ಲಬ್ಬಲ್ಲಿ ದೀಪ ಆರಿಸೋ ಮುಂಚೆ ಹಾಡ್ತಿದ್ದ ಕೊನೇ ಹಾಡು. ಆ ಹತ್ತು ನಿಮಿಷ ಮಾವನ ಮುಖ ನೋಡಬೇಕು ನೀವು. ಮುಖದ ಅರ್ಧ ಭಾಗ ಮಾತ್ರ ನಗುತ್ತೆ, ಆದ್ರೆ ಪೂರ್ತಿ ನಗುತ್ತೆ. ದಿನದ ಮಿಕ್ಕ ಹೊತ್ತೆಲ್ಲ ಅವರು ಆ ಹತ್ತು ನಿಮಿಷಕ್ಕೇ ಕಾಯ್ತಾ ಕೂತಿರ್ತಾರೆ ಅಂತ ನನಗನ್ಸೋದು.

ಹೀಗಿರುವಾಗ ಕ್ಲಬ್ ಮುಚ್ತಾರೆ ಅಂತ ಸುದ್ದಿ ಬಂತು. ಹಾಲ್ ಕೆಡವಿ ಗೋದಾಮು ಮಾಡ್ತಾರಂತೆ. ಕೊನೇ ಭಾನುವಾರ ಮಧ್ಯಾಹ್ನ ಹಳಬರೆಲ್ಲ ಸೇರೋಣ ಅಂತ ಗಡಿಬಿಡಿ ಅಂಕಲ್ ಮನೆಮನೆ ಸುತ್ತಿದರು. ಅತ್ತೆ ಹಾಡಲೇಬೇಕು ಅಂದರು. ಗಿಟಾರ್ ಯಾರು ನುಡಿಸೋದು ಅಂತ ಅತ್ತೆ ಕೇಳಿದಾಗ ಮಾವ ಎಡಗೈ ಎತ್ತಿ ನನ್ನ ಕಡೆ ತೋರಿಸಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಇಲ್ಲಿ ನನ್ನ ಕೆಲಸದ ಬಗ್ಗೆ ಹೇಳಬೇಕು, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. ನಾನು ಹೊಲಿಗೆ ಮಷಿನ್ ರಿಪೇರಿ ಅಂಗಡೀಲಿ ಇರೋದು. ನಮ್ಮ ಯಜಮಾನರದ್ದು ಒಂದು ನಿಯಮ ಇದೆ: ಮಷಿನ್ ಒಳಗೆ ಯಾರಾದ್ರೂ ಬಟ್ಟೆ, ಕಾಗದ, ರಬ್ಬರ್ ಏನಾದ್ರೂ ತುರುಕಿದ್ರೆ ಮೊದಲು ಅದನ್ನ ಕಿತ್ತು ಬಿಸಾಕು. ಮುಂಚೆ ರಿಪೇರಿ ಮಾಡಿದವನಿಗೆ ಕೆಲಸ ಬಂದಿಲ್ಲ ಅಂತ ಅರ್ಥ. ಐದು ವರ್ಷದಿಂದ ನಾನು ಎಷ್ಟು ಚೂರು ಕಿತ್ತು ಬಿಸಾಕಿದ್ದೀನೋ ಲೆಕ್ಕ ಇಲ್ಲ.

ಅಂಗಡಿ ರಜೆ ಇದ್ದ ದಿನ ಎಮ್ಮೆಯನ್ನ ಅಲ್ಲಿಗೇ ಸಾಗಿಸಿದೆ. ಮಗುಚಿ ಹಾಕಿ ಹೊಟ್ಟೆ ಬಿಚ್ಚಿದ್ರೆ ಒಳಗೆ ಎಂಟು ತಿಂಗಳ ಧೂಳು, ಅದಕ್ಕಿಂತ ಹಿಂದಿನ ಅಂಟು ಗ್ರೀಸು. ಸೀಮೆಎಣ್ಣೆ ಹಚ್ಚಿ ಹಲ್ಲುಜ್ಜೋ ಬ್ರಷ್ಷಲ್ಲಿ ಒಂದೊಂದು ಸಲಾಕೆನೂ ಉಜ್ಜಿದೆ. ತಂತಿ ಸುತ್ತಿಕೊಳ್ಳೋ ಉರುಳೆಗಳಿಗೆ ಮಷಿನ್ ಎಣ್ಣೆ ಒಂದೊಂದೇ ತೊಟ್ಟು ಬಿಟ್ಟೆ. ಹತ್ತೂ ತಂತಿ ಹೊಸದು ಕಟ್ಟಿದೆ. ಮೂರನೇದು ಕಟ್ಟುವಾಗಲೇ ಟಪ್ ಅಂತ ಹರಿದು ಕೆನ್ನೆಗೆ ಬಿತ್ತು, ಅದು ಯಾವಾಗಲೂ ಹಾಗೇ ಮಾಡೋದು, ಇನ್ನೊಂದು ಕಟ್ಟಿದೆ.

ಎಡ ಮೊಣಕಾಲು ಹೊರಗಡೆಗೆ ತಳ್ಳೋ ಲಿವರ್ ಹತ್ರ ಬಂದೆ. ಇದರ ಮೇಲೆ ನನಗೆ ಮೊದಲಿಂದ ಒಂದು ಗುಮಾನಿ. ಮಾವನ ಹತ್ರ ಕಲಿಯೋವಾಗ ಒಂದ್ಸಲ, ಮಾವ, ಈ ಲಿವರ್ ಪೂರ್ತಿ ತಳ್ಳಿದ್ರೂ ಸ್ವರ ಮೇಲಕ್ಕೆ ಮುಟ್ಟಲ್ಲ, ಚೂರು ಕೆಳಗೇ ನಿಲ್ಲುತ್ತೆ ಅಂದಿದ್ದೆ. ವಯಸ್ಸಾದ ಎಮ್ಮೆ, ಮಂಡಿ ನೋವು ಅಂತ ನಕ್ಕಿದ್ದರು. ಸರಿ ಮಾಡ್ಲಾ ಅಂದ್ರೆ, ಮುಟ್ಟಬೇಡ, ಆ ಲಿವರ್ ನಿಮ್ಮತ್ತೇದು ಅಂದಿದ್ದರು. ಕೊನೇ ಹಾಡಲ್ಲಿ ಅತ್ತೆ ತಾರಕಕ್ಕೆ ಹೋಗೋ ಜಾಗದಲ್ಲಿ ಅದೇ ಲಿವರ್ ಬೇಕು, ಅದಕ್ಕೆ ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡಿದ್ದೆ.

ಈಗ ಬಗ್ಗಿ ನೋಡಿದ್ರೆ ಕಾರಣ ಸಿಕ್ಕೇಬಿಡ್ತು. ಲಿವರ್ ಹೋಗಿ ತಾಗಿ ನಿಲ್ಲೋ ಜಾಗದಲ್ಲಿ, ಎಣ್ಣೆ ಕುಡಿದು ಕಪ್ಪಾಗಿ ಕಲ್ಲಾದ ಒಂದು ಚರ್ಮದ ತುಂಡು. ಹೆಬ್ಬೆರಳ ಉಗುರಿನಷ್ಟು, ಮಡಚಿ ಅಂಟಿಸಿದ್ದು. ಅದು ಅಡ್ಡ ಇರೋದಕ್ಕೇ ಲಿವರ್ ಪೂರ್ತಿ ಹೋಗ್ತಿರಲಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದೆ, ಟಿಕ್ ಅಂತ ಬಂತು, ಕಸದ ಡಬ್ಬಿಗೆ ಎಸೆದೆ. ಲಿವರ್ ತಳ್ಳಿದೆ. ಶ್ರುತಿ ನೋಡೋ ಟ್ಯೂನರಿನ ಮುಳ್ಳು ಸರ್ರಂತ ಹೋಗಿ ಮಧ್ಯಕ್ಕೆ ನಿಂತಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮಾವನಿಗೆ ಆಗದ ಕೆಲಸ ನಾನು ಮಾಡಿದೆ ಅಂತ ಒಬ್ಬಳೇ ಅಂಗಡೀಲಿ ಕುಣಿದೆ, ನಿಜವಾಗಲೂ.

ಅಲ್ಲಿಂದ ನೇರವಾಗಿ ಕ್ಲಬ್ಬಿಗೇ ಸಾಗಿಸಿದೆ. ಮನೆಗೆ ತಂದು ಮಾವನಿಗೆ ಒಂದ್ಸಲ ತೋರಿಸಿದ್ರೂ ಆಗ್ತಿತ್ತು. ಸರ್‌ಪ್ರೈಸ್ ಕೊಡಬೇಕು ಅಂತ ನನ್ನ ತಲೇಲಿ.

ಭಾನುವಾರ ಹಾಲ್ ತುಂಬಿತ್ತು. ಗೋಡೆ ಮೇಲಿನ ಫೋಟೋ ಎಲ್ಲ ಆಗಲೇ ಇಳಿಸಿದ್ದರು, ಅವು ಇದ್ದ ಜಾಗ ಮಾತ್ರ ಬೆಳ್ಳಗೆ ಕಾಣ್ತಿತ್ತು. ಮಾವನ ಕುರ್ಚಿ ಮೊದಲ ಸಾಲಲ್ಲಿ. ಹೊಳೀತಿದ್ದ ಎಮ್ಮೆ ನೋಡಿ ಅವರ ಅರ್ಧ ಮುಖ ನಕ್ಕಿತು. ಮೊದಲ ನಾಲ್ಕು ಹಾಡು ಚೆನ್ನಾಗೇ ಆಯ್ತು. ಗಡಿಬಿಡಿ ಅಂಕಲ್ ಎಂದಿನ ಹಾಗೆ ಮುಂದೆ ಮುಂದೆ ಓಡಿದರು, ಅತ್ತೆ ನಗುತ್ತಾ ಅಂಕಲ್ ಬೆನ್ನಿಗೆ ಗುದ್ದಿ ಹಿಂದಕ್ಕೆಳೆದರು, ಜನ ಶಿಳ್ಳೆ ಹೊಡೆದರು.

ಆಮೇಲೆ ಕೊನೇ ಹಾಡು. ಅದರಲ್ಲಿ ಒಂದು ಜಾಗ ಇದೆ, ಡ್ರಮ್, ಮಿಕ್ಕಿದ್ದೆಲ್ಲ ನಿಲ್ಲುತ್ತೆ, ಗಿಟಾರ್ ಒಂದೇ ಮೇಲಕ್ಕೆ ಹತ್ತಿ ಕಾಯುತ್ತೆ, ಅತ್ತೆ ಬಂದು ಅದನ್ನ ಸೇರ್ಕೋಬೇಕು. ನಾನು ಮೊಣಕಾಲು ತಳ್ಳಿದೆ. ಸ್ವರ ಹತ್ತಿ ಗಾಜಿನ ಥರ ನಿಂತಿತು. ಅತ್ತೆ ಕಣ್ಣು ಮುಚ್ಚಿ ಬಂದರು.

ಸೇರಲಿಲ್ಲ. ಎರಡೂ ಪಕ್ಕಪಕ್ಕ ನಿಂತು ಒಂದಕ್ಕೊಂದು ಉಜ್ಜಿದ ಹಾಗಾಯ್ತು, ಹಾಲಲ್ಲಿ ಗುಂಯ್ ಗುಂಯ್ ಅಂತ ಒಂದು ಕೆಟ್ಟ ನಡುಕ. ಅತ್ತೆ ಕಣ್ಣು ಬಿಟ್ಟರು. ಮೇಲಕ್ಕೆ ತಳ್ಳಿ ನೋಡಿದರು, ಗಂಟಲು ಒಡೀತು. ಇನ್ನೊಂದ್ಸಲ ಪ್ರಯತ್ನ ಪಟ್ಟರು. ಆಮೇಲೆ ಬಾಯಿ ಮುಚ್ಚಿದರು. ಮೈಕ್ ಕೆಳಗಿಳಿಸಿ, ನಗೋಕೆ ನೋಡಿ, ಯಾಕೋ ಗಂಟಲು ಕಟ್ಟಿದೆ, ಕ್ಷಮಿಸಿ ಅಂದರು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳೋಕಾಗಲಿಲ್ಲ ನನಗೆ.

ಮಾವ ಮುಂದಿನ ಸಾಲಲ್ಲಿ ಎಡ ಮೊಣಕಾಲಿಂದ ಕುರ್ಚಿ ಪಕ್ಕಕ್ಕೆ ಗುದ್ದುತ್ತಾ ಇದ್ದರು. ದಡ್, ದಡ್, ದಡ್. ಬಾತ್‌ರೂಮಿಗೆ ಹೋಗಬೇಕೇನೋ ಅಂತ ಯಾರೋ ಅವರನ್ನ ತಳ್ಕೊಂಡು ಹೋದರು. ವಾಪಸ್ ಬಂದ ಮೇಲೂ ಅದೇ.

ಮಾರನೇ ದಿನ ಬೆಳಗ್ಗೆ ಎಂದಿನಂತೆ ಹೋದೆ. ಮಾವನ್ನ ಎತ್ತಿ ಕಿಟಕಿ ಹತ್ರ ಕೂರಿಸಿದೆ. ಅತ್ತೆ ಸೋಪಿನ ನೊರೆ ಹಚ್ಚಿದರು, ಬ್ಲೇಡ್ ಎತ್ತಿಕೊಂಡರು, ಶೇವ್ ಮಾಡಿದರು. ಬ್ಲೇಡಿನ ಸರಸರ ಸದ್ದು ಬಿಟ್ರೆ ಏನಿಲ್ಲ. ಮಾವ ಕಾದರು. ಅತ್ತೆ ಟವೆಲಿಂದ ಮುಖ ಒರೆಸಿ ಬಟ್ಟಲು ತಗೊಂಡು ಒಳಗೆ ಹೋದರು. ಮಂಗಳವಾರವೂ ಹಾಗೇ. ಬುಧವಾರ ನಾನೇ ಧೈರ್ಯ ಮಾಡಿ ಹಾಡಿ ಅತ್ತೆ ಅಂದೆ.

"ಇನ್ನೇನು ಹಾಡ್ಲಿ," ಅಂದರು ಅತ್ತೆ. "ಇವರ ಮಾತು ಹೋದಾಗಲೇ ನನ್ನ ಗಂಟಲೂ ಹೋಗಿದೆ. ನನಗೇ ಗೊತ್ತಾಗಿರಲಿಲ್ಲ, ನಾಲ್ಕು ಜನರ ಮುಂದೆ ಗೊತ್ತಾಯ್ತು. ಎಂಟು ತಿಂಗಳು ಇವರ ಕಿವಿಗೆ ಅಪಸ್ವರ ಹಾಕಿದ್ದೀನಿ ನೋಡು, ಪಾಪ, ಬೇಡ ಅನ್ನೋಕೂ ಬಾಯಿಲ್ಲ ಇವರಿಗೆ."

ಮಾವ ಮೊಣಕಾಲಿಂದ ಕುರ್ಚಿಗೆ ಗುದ್ದಿದರು. ಅತ್ತೆ ಅವರ ಕಾಲು ನೆಟ್ಟಗೆ ಮಾಡಿ, ಮೇಲೆ ಶಾಲು ಹೊದಿಸಿದರು.

ಗುರುವಾರ ಗಡಿಬಿಡಿ ಅಂಕಲ್ ಅಂಗಡಿಗೆ ಬಂದರು, ಕೈಲಿ ಒಂದು ಹಳೇ ಕ್ಯಾಸೆಟ್. ಕ್ಲಬ್ಬಲ್ಲಿ ಯಾವಾಗಲೋ ರೆಕಾರ್ಡ್ ಮಾಡಿದ್ದು, ನಿಮ್ಮತ್ತೆಗೆ ಕೊಡು, ಧೈರ್ಯ ಬರುತ್ತೆ ಅಂದರು. ಹೋಗುವಾಗ ಬಾಗಿಲ ಹತ್ರ ನಿಂತು ತಲೆ ಕೆರ್ಕೊಂಡರು. "ನನ್ನ ಕೈ ಓಡುತ್ತೆ, ಕಿವಿ ಓಡಲ್ಲ ಕಣಮ್ಮ. ಅವಳು ಮೊನ್ನೆ ಹಾಡಿದ್ದು ಯಾವತ್ತಿನ ಥರಾನೇ ಇತ್ತು. ಎಮ್ಮೆದೇ ಏನೋ ತಕರಾರು."

ಎಮ್ಮೆದು ತಕರಾರು ಅಂದಿದ್ದಕ್ಕೆ ನನಗೆ ಸಿಟ್ಟೇ ಬಂತು. ಕ್ಯಾಸೆಟ್ ಹಾಕಿ, ಟ್ಯೂನರ್ ಪಕ್ಕದಲ್ಲಿಟ್ಟು, ಅಂಕಲ್‌ಗೆ ಉತ್ತರ ಕೊಡಬೇಕು ಅಂತಲೇ ಕೂತೆ. ಕೊನೇ ಹಾಡು ಬಂತು. ಡ್ರಮ್ ನಿಂತಿತು. ಮಾವನ ತಂತಿ ಒಂದೇ ಹತ್ತಿತು. ಮುಳ್ಳು ಮಧ್ಯಕ್ಕೆ ಬರಲಿಲ್ಲ, ಒಂದು ಕೂದಲೆಳೆ ಎಡಕ್ಕೇ, ಅಂದ್ರೆ ಸ್ವರ ಅಷ್ಟು ಕೆಳಗೇ ನಿಂತಿತು. ಅತ್ತೆ ಬಂದು ಸೇರಿದರು. ಮುಳ್ಳು ಅಲ್ಲಾಡಲಿಲ್ಲ. ಅದೇ ಜಾಗ. ಟೇಪು ನಿಧಾನಕ್ಕೆ ಓಡ್ತಿದ್ರೆ ಎಲ್ಲಾ ಸ್ವರಾನೂ ಇಳೀಬೇಕಲ್ಲ, ಮಿಕ್ಕ ತಂತಿ ಎಲ್ಲ ನೆಟ್ಟಗಿದ್ದವು. ಆರು ಸಲ ಹಾಕಿ ನೋಡಿದೆ. ಆರೂ ಸಲ ಅಷ್ಟೇ.

ಅತ್ತೆಯ ಆ ತಾರಕ ಯಾವಾಗಲೂ ಚೂರು ಕೆಳಗೇ. ಹುಟ್ಟಿದ್ದೇ ಹಾಗೆ. ಗುಂಡು ಹಿಂದಕ್ಕೆ ಸರಿಸಿದ್ರೆ ಹತ್ತೂ ತಂತಿ ಇಳೀತವೆ, ಹಾಡೇ ಸೊಟ್ಟ ಆಗುತ್ತೆ. ಅದಕ್ಕೆ ಮಾವ ಆ ಒಂದು ತಂತಿಯನ್ನ ಮಾತ್ರ, ಆ ಒಂದು ಜಾಗಕ್ಕೆ ಮಾತ್ರ, ಚರ್ಮದ ತುಂಡು ಇಟ್ಟು ತಗ್ಗಿಸಿದ್ದರು. ಅತ್ತೆ ಮೇಲಕ್ಕೆ ಹೋಗೋ ಬದಲು ಎಮ್ಮೆನೇ ಕೆಳಗೆ ಬಂದು ನಿಲ್ತಿತ್ತು. ಮೂವತ್ತೊಂದು ವರ್ಷ.

ಕಸದ ಡಬ್ಬಿ ಕಡೆ ಓಡಿದೆ. ಮಂಗಳವಾರವೇ ಖಾಲಿ ಮಾಡಿದ್ದರು.

ಶುಕ್ರವಾರ ಮಧ್ಯಾಹ್ನ ಅತ್ತೆ ಔಷಧಿ ಅಂಗಡಿಗೆ ಹೋಗೋ ಹೊತ್ತು ನೋಡ್ಕೊಂಡು, ಕ್ಲಬ್ಬಲ್ಲೇ ಉಳಿದಿದ್ದ ಎಮ್ಮೆಯನ್ನ ಅವರ ಮನೆಗೆ ತಂದೆ. ಮಾವನ ಕುರ್ಚಿ ಮುಂದೆ ಕಾಲು ಜೋಡಿಸಿ ನಿಲ್ಲಿಸಿದೆ. ತಪ್ಪಾಯ್ತು ಮಾವ, ಕಿತ್ತು ಬಿಸಾಕಿದೆ ಅಂದೆ, ಅಷ್ಟರಲ್ಲೇ ಅಳು ಬಂದುಬಿಡ್ತು. ಅವರು ನನ್ನ ತಲೆ ಮೇಲೆ ಎಡಗೈ ಇಟ್ಟರು. ಆಮೇಲೆ ಮೊಣಕಾಲು ಅಲ್ಲಾಡಿಸಿದರು, ಸಾಕು, ಕೆಲಸ ನೋಡು ಅನ್ನೋ ಥರ.

ಕುರ್ಚಿ ಹತ್ತಿರಕ್ಕೆ ತಳ್ಳಿ ಅವರ ಮೊಣಕಾಲು ಲಿವರಿಗೆ ತಾಗಿಸಿದೆ. ಗುಂಡು ಹಿಡಿದು ತಂತಿ ಮೀಟಿದ್ದು ನಾನು, ತಳ್ಳಿದ್ದು ಅವರು. ಸ್ವರ ಹತ್ತಿತು, ಒಂದು ಕಡೆ ನಿಂತಿತು. ಲಿವರ್ ಇನ್ನೂ ಹೋಗೋಕೆ ಜಾಗ ಇತ್ತು, ಅಡ್ಡ ಏನೂ ಇರಲಿಲ್ಲ, ಅವರ ಕಾಲೇ ತಡೀತು. ಟ್ಯೂನರ್ ನೋಡಿದೆ. ಕ್ಯಾಸೆಟ್ಟಿನಲ್ಲಿ ನಿಂತ ಜಾಗವೇ. ಮೂರು ಸಲ ಮಾಡಿಸಿದೆ, ಮೂರೂ ಸಲ ಅಲ್ಲೇ. ಎಂಟು ತಿಂಗಳಿಂದ ಮುಟ್ಟಿಲ್ಲ ಅವರು ಅದನ್ನ.

ಎಷ್ಟು ದಪ್ಪ ಇಡಲಿ ಮಾವ ಅಂದೆ. ಎಡಗೈ ಎತ್ತಿ ಗೋಡೆ ಕಡೆ ತೋರಿಸಿದರು. ಮೊಳೇಲಿ ಅವರ ಹಳೇ ಬೆಲ್ಟು ನೇತಾಡ್ತಿತ್ತು, ಈಗ ಹಾಕಲ್ಲ ಅದನ್ನ, ಎಲಾಸ್ಟಿಕ್ ಪೈಜಾಮ ಅಷ್ಟೇ. ತಗೊಂಡು ನೋಡಿದೆ. ಬೆಲ್ಟಿನ ತುದಿಯನ್ನ ಮೊದಲೇ ಕತ್ತರಿಸಿದ್ದರು, ನೆಟ್ಟಗೆ, ಫಿಟ್ಟರ್ ಕೈಯ ಕತ್ತರಿ. ಅದರ ಪಕ್ಕದಲ್ಲೇ ಇನ್ನೊಂದು ತುಂಡು ಕತ್ತರಿಸಿ, ಮಡಚಿ, ಅಂಟಿಸಿ, ಲಿವರ್ ತಳ್ಳಿದೆ. ಮುಳ್ಳು ಕೂದಲೆಳೆಯಷ್ಟು ಎಡಕ್ಕೆ ನಿಂತಿತು.

"ಅತ್ತೆಗೆ ಹೇಳಿಬಿಡ್ಲಾ ಮಾವ? ಗಂಟಲು ಹೋಗಿಲ್ಲ, ನಾನೇ ಹಾಳು ಮಾಡಿದ್ದು ಅಂತ?"

ಅವರು ತಮ್ಮ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ಮೆಲ್ಲಗಲ್ಲ. ಹಲ್ಲಿಗೆ ತುಟಿ ಒತ್ತಿ ನೋವಾಗೋಷ್ಟು. ಕಣ್ಣಲ್ಲಿ ಕಣ್ಣಿಟ್ಟು ನಾನು ತಲೆ ಆಡಿಸೋ ತನಕ ಕೈ ತೆಗೀಲಿಲ್ಲ. ನನಗೂ ಗೊತ್ತಾಯ್ತು. ಗಂಟಲು ಈಗ ಹೋಯ್ತು ಅಂದ್ಕೊಂಡ್ರೆ ಅತ್ತೆಗೆ ಶ್ರುತಿ ತಪ್ಪದ ಆ ಮೂವತ್ತೊಂದು ವರ್ಷ ಉಳಿಯುತ್ತೆ. ನಿಜ ಹೇಳಿದ್ರೆ ಅದೂ ಉಳಿಯಲ್ಲ.

ಬಾಗಿಲ ಸದ್ದಾಯ್ತು. ಅತ್ತೆ ಔಷಧಿ ಚೀಲ ಹಿಡ್ಕೊಂಡು ಬಂದು ಎಮ್ಮೆ ನೋಡಿ ನಿಂತರು. ಮಾವನಿಗೆ ಕೇಳಿಸೋಣ ಅಂತ ತಂದೆ ಅಂತ ಏನೋ ಹೇಳಿ, ಸ್ಟೂಲೆಳೆದು ಕೊನೇ ಹಾಡು ಶುರು ಮಾಡಿದೆ. ಅವರು ಚೀಲ ಕೆಳಗಿಡದೆ ಕೇಳಿದರು. ಆ ಜಾಗ ಬಂತು. ಮೊಣಕಾಲು ತಳ್ಳಿದೆ, ಸ್ವರ ಹತ್ತಿ ಅವರ ಗಂಟಲಿನ ಹೊಸ್ತಿಲಲ್ಲೇ ಹೋಗಿ ಕಾದು ನಿಂತಿತು. ಮಾವ ಅತ್ತೆ ಮುಖವನ್ನೇ ನೋಡ್ತಿದ್ದರು. ಅತ್ತೆ ತುಟಿ ಬಿಚ್ಚಿತು. ಉಸಿರು ಎಳ್ಕೊಂಡಿದ್ದೂ ಕೇಳಿಸ್ತು ನನಗೆ. ನಾನು ಗುಂಡು ಎತ್ತಲಿಲ್ಲ, ಸದ್ದು ಸಣ್ಣಗಾಗ್ತಾ ಆಗ್ತಾ ಹೋಗಿ ತಂತಿ ಸುಮ್ಮನಾಯ್ತು.

"ಎಷ್ಟು ಚೆನ್ನಾಗಿ ನುಡಿಸ್ತೀಯ," ಅಂದರು ಅತ್ತೆ. "ಆವತ್ತು ನಾನು ಸುಮ್ನೆ ಇದ್ದಿದ್ರೆ ಹಾಡು ಕೆಡ್ತಿರಲಿಲ್ಲ." ಚೀಲ ತಗೊಂಡು ಒಳಗೆ ಹೋದರು. ಮಾತ್ರೆ ಡಬ್ಬಿ ಜೋಡಿಸೋ ಸದ್ದು ಬಂತು.

ಎಮ್ಮೆ ಈಗ ಅವರ ಮನೇಲೇ ಇದೆ. ದಿನಾ ಬೆಳಗ್ಗೆ ಅತ್ತೆ ಶೇವ್ ಮಾಡುವಾಗ ನಾನು ಕೊನೇ ಹಾಡು ನುಡಿಸ್ತೀನಿ, ಆ ಜಾಗದಲ್ಲಿ ನಿಲ್ತೀನಿ. ಮೂರು ವಾರ ಆಯ್ತು. ಪ್ರತಿ ದಿನ ಆ ಜಾಗ ಬಂದಾಗ ಮಾವನ ಎಡ ಮೊಣಕಾಲು ಶಾಲಿನ ಕೆಳಗೆ ಹೊರಗಡೆಗೆ ಹೋಗುತ್ತೆ, ಪೂರ್ತಿ ಹೋಗಲ್ಲ, ಚೂರು ಮುಂಚೆ ನಿಂತು ಕಾಯುತ್ತೆ. ಬ್ಲೇಡಿನ ಸರಸರ ಬಿಟ್ರೆ ಏನೂ ಬರಲ್ಲ. ಆಮೇಲೆ ಕಾಲು ವಾಪಸ್ ಬರುತ್ತೆ.

ಇವತ್ತು ಅದು ಅತ್ತೆ ಕಣ್ಣಿಗೆ ಬಿತ್ತು. ಬ್ಲೇಡ್ ಕೆಳಗಿಟ್ಟು ಶಾಲು ಸರಿಸಿದರು. "ನೋಡೇ, ಇವರಿಗೆ ಈ ಕಾಲೂ ನೋವು ಶುರುವಾಗಿದೆ," ಅಂದರು. "ಹೇಳೋಕಾಗದೆ ಎಷ್ಟು ದಿನದಿಂದ ಒದ್ದಾಡ್ತಿದ್ದಾರೋ. ಒಳಗಿಂದ ಎಣ್ಣೆ ಬಾಟ್ಲಿ ತಾ."

ಮಾವ ನನ್ನ ಕಡೆ ನೋಡಿದರು. ಎಲ್ಲ ಹೇಳಿಬಿಡೋಕೆ ನನಗೆ ಒಂದು ನಿಮಿಷ ಸಾಕಿತ್ತು.

ನಾನು ಎದ್ದು ಹೋಗಿ ಎಣ್ಣೆ ತಂದುಕೊಟ್ಟೆ. ಅತ್ತೆ ಅಂಗೈಲಿ ಸುರ್ಕೊಂಡು, ಬೆಚ್ಚಗಾಗೋ ಹಾಗೆ ಉಜ್ಜಿ, ಆ ಮೊಣಕಾಲಿಗೆ ಹಚ್ಚೋಕೆ ಕೂತರು.